ಮುಂಬಾಗಿಲ ಮುಂಡಾಸು

ದಂಡು ಪ್ರದೇಶದ ಹಳೆಯ ಕ್ಲಬ್ಬಿಗೆ ನೂರೈವತ್ತು ವರ್ಷ ತುಂಬಿತು. ನಮ್ಮ ಅಜ್ಜಂದಿರನ್ನು ತುಳಿದ ಬಿಳಿಯರ ಕಾಲವನ್ನೇ ಮತ್ತೆ ಮೆರೆಸುವ ಚಪಲ ಅಧ್ಯಕ್ಷ ಭೂಪಾಲರಿಗೆ ಹತ್ತಿತು. ಬೇರರ್ ಮರಿಯಪ್ಪನನ್ನು ಕರೆಸಿ, ಗೋಡೆಯ ಮೇಲಿನ ಹಳೆಯ ಫೋಟೋ ತೋರಿಸಿದರು.

“ನೋಡೋ, ಆಗಿನ ಬಾಗಿಲು ಕಾಯೋನು. ತಲೆಗೆ ಕೆಂಪು ಮುಂಡಾಸು, ಬರಿಗಾಲು. ಸಮಾರಂಭದ ದಿನ ನೀನೂ ಹೀಗೇ ನಿಂತು ಸಲಾಂ ಹೊಡೀಬೇಕು.”

“ಬರಿಗಾಲಲ್ಲಿ ಯಾಕೆ ಸ್ವಾಮಿ? ನಾನೇನು ಬೊಂಬೆನಾ?”

“ಆಗಲ್ಲ ಅಂದ್ರೆ ಕೆಲಸಕ್ಕೆ ಬರಬೇಡ.”

ಮರಿಯಪ್ಪ ಫೋಟೋವನ್ನೇ ದಿಟ್ಟಿಸಿದ. “ಹಾಗಾದ್ರೆ ಎಲ್ಲಾ ಆ ಕಾಲದ ಹಾಗೇ ಮಾಡ್ಲಾ?”

“ಕೂದಲೆಳೆಯಷ್ಟೂ ವ್ಯತ್ಯಾಸ ಆಗಕೂಡದು!”

ಸಮಾರಂಭದ ಸಂಜೆ ಭೂಪಾಲರು ಸೂಟು ತೊಟ್ಟು ಅತಿಥಿಗಳೊಂದಿಗೆ ಬಂದರು. ಮುಂಡಾಸು ಕಟ್ಟಿ ಬರಿಗಾಲಲ್ಲಿ ನಿಂತಿದ್ದ ಮರಿಯಪ್ಪ ಸಲಾಂ ಹೊಡೆದ. ಆಮೇಲೆ ಬಾಗಿಲಿಗೆ ಕೈ ಅಡ್ಡ ಹಿಡಿದ.

“ಏನೋ ಇದು? ಒಳಗೆ ಬಿಡೋ!”

“ಆ ಕಾಲದಲ್ಲಿ ಈ ಬಾಗಿಲು ಬಿಳಿಯರಿಗೆ ಮಾತ್ರ, ಸ್ವಾಮಿ. ನಮ್ಮ ಜನ ಹಿಂದಿನ ಅಡುಗೆಮನೆ ಕಡೆಯಿಂದ ಬರಬೇಕಿತ್ತು. ಅಲ್ಲೂ ಬರಿಗಾಲಲ್ಲಿ. ಬೂಟು ಬಿಚ್ಚಿ.”

ಅತಿಥಿಗಳು ಗೊಳ್ಳೆಂದು ನಕ್ಕರು. ಭೂಪಾಲರ ಮುಖ ಮುಂಡಾಸಿಗಿಂತ ಕೆಂಪಾಯಿತು.

“ಸಾಕು ಮಾರಾಯ, ಆ ಮುಂಡಾಸು ತೆಗೆದುಹಾಕು!”

“ಚಪ್ಪಲಿ?”

“ಹಾಕ್ಕೊಳ್ಳಯ್ಯಾ!”

“ನಾಳೆ ಕೆಲಸ?”

ಭೂಪಾಲರು ನಗುತ್ತಿದ್ದ ಅತಿಥಿಗಳತ್ತ ನೋಡಿದರು. “ಬಾರಯ್ಯಾ, ಬಾ! ಮೊದಲು ದಾರಿ ಬಿಡು!”

ಮರಿಯಪ್ಪ ಅವಸರ ಮಾಡಲಿಲ್ಲ. ಮುಂಡಾಸು ಬಿಚ್ಚಿ ಅಧ್ಯಕ್ಷರ ಕೈಗೇ ಕೊಟ್ಟ. ಬಾಗಿಲ ಪಕ್ಕದಲ್ಲಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡ. ಆಮೇಲೆ ಬಾಗಿಲನ್ನು ಅಗಲವಾಗಿ ತೆರೆದ.

“ಈಗ ನಮ್ಮ ಕಾಲ ಬಂತು ಸ್ವಾಮಿ. ಬನ್ನಿ, ಇಬ್ಬರೂ ಒಳಗೆ ಹೋಗೋಣ.”