ಬಾಲವಿದ್ದವರಿಗೆ ಮಾತ್ರ ಪ್ರವೇಶ

ಮಕ್ಕಳೇ, ಕಾಡಿನ ನಡುವೆ ಒಂದು ಕೊಳ. ಅದರ ನೀರು ಎಷ್ಟು ತಿಳಿ ಎಂದರೆ, ತಳದಲ್ಲಿ ಮಲಗಿದ ಮೀನು ಆಕಳಿಸಿದರೆ ದಂಡೆಯ ಮೇಲೆ ಕೂತವರಿಗೂ ಆಕಳಿಕೆ ಬರುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ. ನಂಬಿಕೆ ಇಲ್ಲದಿದ್ದರೆ ಅಲ್ಲಿಯ ಏಡಿಯನ್ನು ಕೇಳಿ. ಬೆರಳನ್ನು ಮಾತ್ರ ದೂರ ಇಟ್ಟುಕೊಂಡು ಕೇಳಿ.

ಆ ಕೊಳದಲ್ಲಿ ದುಂಡಕ್ಕ ಎಂಬ ಕಪ್ಪೆ ಇದ್ದಳು. ಅವಳಿಗೆ ಒಬ್ಬನೇ ಮಗ, ಬುಗುರಿ. ಇನ್ನೂ ಗೊದಮೊಟ್ಟೆ. ದುಂಡು ತಲೆ, ಅದರ ಹಿಂದೊಂದು ಬಾಲ, ಅಷ್ಟೇ ಮೈ. ಅವನ ಮೊದಲ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಕಪ್ಪೆಗಳು ನಮ್ಮ ಹಾಗೆ ವರ್ಷಗಟ್ಟಲೆ ಕಾಯುವುದಿಲ್ಲ, ಮಳೆಗಾಲ ಮುಗಿಯುವುದರೊಳಗೆ ಹಬ್ಬ ಆಗಿಬಿಡಬೇಕು.

ಸ್ವಲ್ಪ ದಿನದ ಹಿಂದೆ ನೀರುಕೋಳಿ ತನ್ನ ಮರಿಯ ಹುಟ್ಟುಹಬ್ಬಕ್ಕೆ ತಾವರೆ ಎಲೆಗಳ ಮೇಲೆ ಓಟದ ಪಂದ್ಯ ಇಟ್ಟಿತ್ತು. ಇಡೀ ಕೊಳ ಹೊಗಳಿತು. ದುಂಡಕ್ಕನಿಗೆ ತಡೆಯಲಾಗಲಿಲ್ಲ.

"ಎಲೆ ಮೇಲೆ ಓಡೋದೂ ಒಂದು ಸಾಹಸವಾ? ನನ್ನ ಮಗನಿಗೆ ಪಾತಾಳ ಯಾತ್ರೇನೇ ಮಾಡಿಸ್ತೀನಿ, ನೋಡ್ತಾ ಇರಿ!" ಎಂದಳು ಪಕ್ಕದ ಬಿಲದ ಏಡಿ ಇಕ್ಕಳಯ್ಯನಿಗೆ.

"ಮಾಡಿಸಮ್ಮ, ಮಾಡಿಸು. ಊಟ ಎಷ್ಟು ಹೊತ್ತಿಗೆ?" ಎಂದ ಇಕ್ಕಳಯ್ಯ.

ಕೆಲಸ ಶುರುವಾಯಿತು. ನೀರಿಗೆ ಬಿದ್ದಿದ್ದ ಟೊಳ್ಳು ಕೊಂಬೆ ರಾಕ್ಷಸನ ಗುಹೆಯಾಯಿತು. ಜಲಸಸ್ಯಗಳೆಲ್ಲ ಸೇರಿ ಘೋರ ಅರಣ್ಯವಾದವು. ಕೊನೆಯಲ್ಲಿ, ಖಾಲಿ ಬಸವನಹುಳುವಿನ ಚಿಪ್ಪಿನೊಳಗೆ ನಿಧಿ: ಪಾಚಿ ಉಂಡೆ! ಮಗ ಮೊದಲೇ ನೋಡಿಬಿಟ್ಟರೆ ಮಜಾ ಎಲ್ಲಿ ಉಳಿಯುತ್ತದೆ? ಅದಕ್ಕೆ ದುಂಡಕ್ಕ ಅವನನ್ನು ಜೊಂಡಿನ ಆಚೆಗೆ ಕಳಿಸಿದಳು. "ನಾನು ಕರೆಯೋವರೆಗೆ ಈ ಕಡೆ ಬರಬೇಡ" ಎಂದಳು.

ಪಾತಾಳ ಎಂದರೆ ಸುಮ್ಮನೆ ಆಗುತ್ತದೆಯೇ? ದಿನಗಳು ಉರುಳಿದವು.

ಒಂದು ದಿನ ಜೊಂಡಿನ ಆಚೆಯಿಂದ ಬುಗುರಿ ಕೂಗಿದ. "ಅಮ್ಮಾ, ನನಗೆ ಹಿಂದೆ ಏನೋ ಮೊಳೀತಾ ಇದೆ, ಬಂದು ನೋಡು!"

"ಹಬ್ಬ ಆದಮೇಲೆ ನೋಡ್ತೀನಿ ಮಗಾ!"

ಇನ್ನೊಂದು ದಿನ, "ಅಮ್ಮಾ, ನನ್ನ ಬಾಲ ಸಣ್ಣದಾಗ್ತಿದೆ!"

"ಜಾಸ್ತಿ ಅಲ್ಲಾಡಿಸಬೇಡ, ಸವೆದುಹೋಗುತ್ತೆ!" ಎಂದಳು ದುಂಡಕ್ಕ. ಅವಳ ಕಣ್ಣೆಲ್ಲ ಗುಹೆಯ ಬಾಗಿಲಿನ ಮೇಲಿತ್ತು.

ಮಕ್ಕಳೇ, ನಿಮಗೆ ಆಗಲೇ ಗೊತ್ತಾಗಿರಬೇಕು. ದುಂಡಕ್ಕನಿಗೆ ಗೊತ್ತಾಗಲಿಲ್ಲ. ದೊಡ್ಡವರಾದ ಮೇಲೆ ತಾವೂ ಹೀಗೇ ಬೆಳೆದವರು ಎಂಬುದು ಕಪ್ಪೆಗಳಿಗೆ ಮರೆತುಹೋಗುತ್ತದೆ. ಕಪ್ಪೆಗಳಿಗೆ ಮಾತ್ರವೇ ಎಂದು ನಿಮ್ಮ ಮನೆಯಲ್ಲಿ ಕೇಳಿ ನೋಡಿ.

ಹಬ್ಬದ ಬೆಳಿಗ್ಗೆ ತಾವರೆ ದಂಟಿನ ಕಮಾನಿನ ಕೆಳಗೆ ನಿಂತು ದುಂಡಕ್ಕ ಸಾರಿದಳು: "ಬನ್ನಿ, ಬನ್ನಿ! ಪಾತಾಳಕ್ಕೆ ಬಾಲವಿದ್ದವರಿಗೆ ಮಾತ್ರ ಪ್ರವೇಶ! ಬುಗುರೀ, ಬಾರೋ!"

ಸಿಗಡಿ ಮಕ್ಕಳು ಬಂದವು. ಮೀನಿನ ಮರಿಗಳು ಬಂದವು. ಅವುಗಳ ಹಿಂದೆ ಒಂದು ಪುಟ್ಟ ಕಪ್ಪೆಯೂ ಎಡವುತ್ತ ತೊಡರುತ್ತ ಬಂತು.

"ನೀನು ಯಾರಪ್ಪ?" ಎಂದಳು ದುಂಡಕ್ಕ.

"ಅಮ್ಮಾ, ನಾನೇ, ಬುಗುರಿ!"

"ನಾಲ್ಕು ಕಾಲು ಇಟ್ಟುಕೊಂಡು ಬುಗುರಿಯಂತೆ! ಉಂಡೆ ಇದೆ ಅಂದರೆ ಸಾಕು, ದಾರೀಲಿ ಹೋಗೋರೆಲ್ಲ ಬುಗುರಿ ಆಗಿಬಿಡ್ತಾರೆ. ನಡಿ, ನಡಿ!"

ಪುಟ್ಟ ಕಪ್ಪೆಯ ಕಣ್ಣು ತುಂಬಿತು. ಮೆಲ್ಲಗೆ ದಂಡೆ ಹತ್ತಿ ಒಂದು ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಿತು.

ಹೊತ್ತು ಏರಿತು. ಬುಗುರಿ ಬರಲಿಲ್ಲ. ದುಂಡಕ್ಕ ಜೊಂಡಿನ ಆಚೆ ಹುಡುಕಿದಳು. ಗುಹೆಯಲ್ಲಿ ಇಣುಕಿದಳು. ಘೋರ ಅರಣ್ಯವನ್ನೆಲ್ಲ ಕಿತ್ತು ಹಾಕಿದಳು. ಎಲ್ಲೂ ಬಾಲವಿಲ್ಲ.

"ಅಯ್ಯೋ, ನನ್ನ ಮಗ ಎಲ್ಲಿ ಹೋದ!" ಎಂದು ಅಳುತ್ತ ದಂಡೆಗೆ ನೆಗೆದಳು. ಅಲ್ಲಿ ಕೊಕ್ಕರೆ ಕಣ್ಣು ಮುಚ್ಚಿ ಬಿಸಿಲು ಕಾಯುತ್ತಿತ್ತು.

"ಏಯ್ ಕೊಕ್ಕರೆ! ನನ್ನ ಮಗನನ್ನ ನುಂಗಿದ್ದೀಯಾ? ಬಾಯಿ ತೆಗಿ, ನೋಡಬೇಕು!"

ಕೊಕ್ಕರೆ ಒಂದು ಕಣ್ಣು ತೆರೆಯಿತು. ಊಟ ತಾನಾಗಿ ನಡೆದುಕೊಂಡು ಬಂದು ಬಾಯಿ ತೆಗೆ ಎಂದದ್ದು ಅದರ ಜನ್ಮದಲ್ಲೇ ಮೊದಲು.

"ಅದಕ್ಕೇನು ದುಂಡಕ್ಕ, ತೆಗೀತೀನಿ. ಆದರೆ ಗಂಟಲು ಕತ್ತಲೆ ನೋಡಿ, ಹೊರಗಿಂದ ಕಾಣಲ್ಲ. ಸ್ವಲ್ಪ ಒಳಗೇ ಬಂದು ನೋಡಿಬಿಡಿ" ಎಂದು ಬಾಯಿ ಅಗಲಿಸಿತು.

"ಬೇಡ ಕಣಮ್ಮ!" ಎಂದು ಇಕ್ಕಳಯ್ಯ ನೀರಿನಿಂದ ಕಿರುಚಿದ. ಮಗನನ್ನು ಕಳೆದುಕೊಂಡವಳಿಗೆ ಯಾರ ಮಾತು ಕೇಳಿಸುತ್ತದೆ? ದುಂಡಕ್ಕ ಕೊಕ್ಕಿನೊಳಗೆ ತಲೆ ಇಟ್ಟೇಬಿಟ್ಟಳು.

ಅಷ್ಟರಲ್ಲಿ ಕಲ್ಲಿನ ಮೇಲಿಂದ ಏನೋ ಹಾರಿಬಂದು ಅವಳ ಪಕ್ಕೆಗೆ ಧಡ್ ಎಂದು ಬಡಿಯಿತು. ಇಬ್ಬರೂ ಉರುಳಿ ನೀರಿಗೆ ಬಿದ್ದರು. ಕೊಕ್ಕು ಟಪ್ ಎಂದು ಮುಚ್ಚಿಕೊಂಡಾಗ ಅದರೊಳಗೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಇಕ್ಕಳಯ್ಯ ಸುಮ್ಮನಿರಲಿಲ್ಲ, ಅದರ ಕಾಲ್ಬೆರಳನ್ನು ಕಚ್ಚಿ ಹಿಡಿದ. ಕೊಕ್ಕರೆ ಹೋ ಎಂದು ಅರಚುತ್ತ ಹಾರಿಹೋಯಿತು. ಕೊಕ್ಕರೆಗಳು ಒಂದೇ ಕಾಲಿನಲ್ಲಿ ನಿಲ್ಲುವುದು ಆವತ್ತಿನಿಂದಲೇ. ಬಲ್ಲವರು ಬೇರೆ ಕಾರಣ ಹೇಳುತ್ತಾರೆ. ಆದರೆ ಬಲ್ಲವರು ಅಲ್ಲಿರಲಿಲ್ಲ.

ತಾವರೆ ಎಲೆಯ ಅಡಿಯಲ್ಲಿ ದುಂಡಕ್ಕ ನಡುಗುತ್ತಿದ್ದಳು. "ಜೀವ ಉಳಿಸಿದೆಯಲ್ಲಪ್ಪ! ಯಾರ ಮಗನೋ ನೀನು?"

"ನಿನ್ನ ಮಗ ಕಣಮ್ಮ. ಆಗಲೇ ಹೇಳಿದೆನಲ್ಲ" ಎಂದು ಪುಟ್ಟ ಕಪ್ಪೆ ಬಿಕ್ಕಿತು.

ಆಗ ದುಂಡಕ್ಕ ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. ಹೊಸ ಮೊಣಕಾಲು. ಹೊಸ ಬೆರಳು. ಹಿಂದೆ, ಉದುರಲೋ ಬೇಡವೋ ಎನ್ನುವಂಥ ಮೋಟು ಬಾಲ.

"ಬುಗುರೀ!" ಎಂದು ಅವನನ್ನು ತಬ್ಬಿಕೊಂಡಳು. ಅತ್ತಳು, ನಕ್ಕಳು, ಇನ್ನೊಮ್ಮೆ ಬೆರಳುಗಳನ್ನು ಮುಟ್ಟಿ ನೋಡಿದಳು.

"ಅಲ್ಲಮ್ಮ, ನೀನೇನು ಬಾಲ ಇಟ್ಕೊಂಡೇ ಮದುವೆ ಆದೆಯಾ?" ಎಂದ ಇಕ್ಕಳಯ್ಯ. ದುಂಡಕ್ಕ ತಲೆ ತಗ್ಗಿಸಿದಳು. ಜಗಳಕ್ಕೆ ಹೋಗಲಿಲ್ಲ. ಅಷ್ಟು ನೆಮ್ಮದಿ ಅವಳಿಗೆ.

ಸಿಗಡಿ, ಮೀನಿನ ಮರಿಗಳೆಲ್ಲ ಪಾತಾಳಕ್ಕೆ ನುಗ್ಗಿದವು. ಬುಗುರಿಯ ಕಾಲುಗಳು ಮಾತ್ರ ಗುಹೆಯಲ್ಲಿ ಹಿಡಿಸಲಿಲ್ಲ. ದುಂಡಕ್ಕ ಉಂಡೆ ತಂದು ಅವನ ಬಾಯಿಗಿಟ್ಟಳು. ಅವನು ಮುಖ ಸಿಂಡರಿಸಿದ.

"ಅಮ್ಮಾ, ಈಗ ನನಗೆ ಪಾಚಿ ಸೇರಲ್ಲ."

ದುಂಡಕ್ಕ ಉಂಡೆಯನ್ನು ಪಕ್ಕಕ್ಕಿಟ್ಟು ಅವನ ಹತ್ತಿರ ಕೂತಳು. "ಮತ್ತೇನು ಬೇಕು ನನ್ನ ಕಂದನಿಗೆ?"

"ಸೊಳ್ಳೆ!" ಎಂದ ಬುಗುರಿ. "ಹಿಡಿಯೋದು ಹೇಗೆ ಅಂತ ಹೇಳಿಕೊಡ್ತೀಯಾ?"

ತಾಯಿ, ಮಗ ಇಬ್ಬರೂ ತಾವರೆ ಎಲೆಯ ಮೇಲೆ ಹತ್ತಿ ಕೂತು ನಾಲಿಗೆ ಚಾಚಿದರು.

ನೀತಿ: ಹಬ್ಬ ಯಾರದೋ ಅವರ ಮುಖವನ್ನು ಮೊದಲು ನೋಡಬೇಕು, ತೋರಣ ಆಮೇಲೆ ಕಟ್ಟಿದರೂ ನಡೆಯುತ್ತದೆ.