ಏಳು ಮನೆ ಬೆಕ್ಕಿನ ಮುಖಚಿತ್ರ

ಮೈಸೂರಿನ ಒಂದು ಬೀದಿಯಲ್ಲಿ ಹೈಮವತಿ, ದಾಕ್ಷಾಯಿಣಿ ಎಂಬ ಇಬ್ಬರು ಗೆಳತಿಯರಿದ್ದರು. ಇಬ್ಬರೂ ಸೇರಿ ಒಂದು ವಿಡಿಯೋ ಗೇಮ್ ಮಾಡಿದರು. ಹೈಮವತಿ ಚಿತ್ರ ಬರೆಯುವವಳು. ದಾಕ್ಷಾಯಿಣಿ ಆ ಚಿತ್ರಗಳು ಓಡಾಡುವಂತೆ ಮಾಡುವವಳು.

ಬೆಕ್ಕು ಮರಿ ಹಾಕಿದ ಮೇಲೆ ಏಳು ಮನೆ ಬದಲಾಯಿಸುತ್ತದೆ ಎಂದು ನಮ್ಮ ಕಡೆ ಹೇಳುವುದನ್ನು ನೀವೂ ಕೇಳಿರಬಹುದು, ಮಕ್ಕಳೇ. ಅವರ ಆಟವೂ ಅದೇ. ಬಿಳಿ ತಾಯಿಬೆಕ್ಕೊಂದು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸಬೇಕು. ಮನೆಯವರ ಕಣ್ಣಿಗೆ ಬೀಳಬಾರದು. ಪಾತ್ರೆ ಉರುಳಿಸಬಾರದು. ಮರಿಯನ್ನು ಬೀಳಿಸಬಾರದು. ಓಡಿದರೆ ಸೋಲು, ಮೆಲ್ಲಗೆ ನಡೆದರೆ ಗೆಲುವು. ಆಟದ ಹೆಸರು 'ಏಳು ಮನೆ'.

ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯೊಂದು ಸಣ್ಣ ತಂಡಗಳ ಆಟಗಳನ್ನು ಒಂದು ವಾರ ತನ್ನ ಮೊದಲ ಪುಟದಲ್ಲಿ ತೋರಿಸುವುದಾಗಿ ಹೇಳಿತು. ನೂರಾರು ಆಟಗಳು. ಒಂದೊಂದಕ್ಕೂ ಒಂದೊಂದು ಮುಖಚಿತ್ರ. ಫೋನಿನಲ್ಲಿ ನೋಡಿದರೆ ಅದು ಬೆಂಕಿಪೊಟ್ಟಣದಷ್ಟೇ ಕಾಣುತ್ತದೆ. ಜನ ಬೆರಳಾಡಿಸುತ್ತಾ ಹೋಗುತ್ತಾರೆ, ಯಾವ ಚಿತ್ರದ ಮೇಲೆ ಬೆರಳು ನಿಲ್ಲುತ್ತದೋ ಆ ಆಟವನ್ನು ತೆರೆಯುತ್ತಾರೆ. ಮುಖಚಿತ್ರ ಶನಿವಾರ ಸಂಜೆ ಐದರೊಳಗೆ ತಲುಪಬೇಕಾಗಿತ್ತು.

ದಾಕ್ಷಾಯಿಣಿ ತಾನು ಪಾಠ ಮಾಡುತ್ತಿದ್ದ ಕಾಲೇಜಿಗೆ ಒಂದು ವರ್ಷ ರಜೆ ಹಾಕಿ ಈ ಕೆಲಸಕ್ಕೆ ಕೂತಿದ್ದಳು. ಆ ರಜೆ ಮುಗಿಯುತ್ತಾ ಬಂದಿತ್ತು.

"ಆ ವಾರದಲ್ಲೂ ಯಾರೂ ನಮ್ಮ ಕಡೆ ತಿರುಗದೇ ಇದ್ರೆ ನಾನು ವಾಪಸ್ ಕಾಲೇಜಿಗೆ ಹೋಗ್ತೀನಿ ಹೈಮಾ. ಮೊದಲನೇ ಆಟವೂ ಇದೇ, ಕೊನೇದೂ ಇದೇ" ಎಂದಳು.

"ತಿರುಗೋ ಹಾಗೆ ಮಾಡ್ತೀನಿ" ಎಂದಳು ಹೈಮವತಿ.

ಹತ್ತು ದಿನ ಕೂತು ಬರೆದಳು. ಆಟದಲ್ಲಿದ್ದ ಏಳು ಮನೆಗಳೂ ಅವಳ ಬೀದಿಯ ನಿಜವಾದ ಮನೆಗಳೇ. ಆ ಮನೆಗಳ ಅಡುಗೆಮನೆ, ಅಟ್ಟ, ಹಿತ್ತಿಲು ಎಲ್ಲವನ್ನೂ ಅಳೆದು ನೋಡಿ ಬರೆದುಕೊಂಡಿದ್ದಳು. ಒಳಗೆ ಬಿಟ್ಟುಕೊಂಡವರಿಗೆಲ್ಲ "ನಿಮ್ಮ ಮನೆ ಮುಖಚಿತ್ರದಲ್ಲೇ ಬರುತ್ತೆ" ಎಂದು ಮಾತು ಕೊಟ್ಟಿದ್ದಳು. ಏಳನೆಯದು ಮಾತ್ರ ಮನೆಯಲ್ಲ, ಮೂಲೆಯಲ್ಲಿದ್ದ ಜಯಶೀಲಮ್ಮನ ದಿನಸಿ ಅಂಗಡಿ. ಕೊಟ್ಟ ಮಾತಿನಂತೆ ಹೈಮವತಿ ಏಳನ್ನೂ ಬರೆದಳು. ಬಾಗಿಲಲ್ಲಿ ಮನೆಯವರನ್ನು ನಿಲ್ಲಿಸಿದಳು. ಮೇಲೆ ಚಂದ್ರ, ನೀರಿನ ಟ್ಯಾಂಕು, ಬಳ್ಳಿಯಂತೆ ಸುತ್ತಿಕೊಂಡ ಅಕ್ಷರಗಳಲ್ಲಿ ಆಟದ ಹೆಸರು. ನಡುವೆ ಎಲ್ಲೋ ಬೆಕ್ಕು.

ಬುಧವಾರ ಆ ಚಿತ್ರವನ್ನು ಖಲೀಲ್ ಮೇಷ್ಟ್ರಿಗೆ ತೋರಿಸಲು ಹೋದಳು. ಅವಳಿಗೆ ಕುಂಚ ಹಿಡಿಯಲು ಕಲಿಸಿದವರು ಅವರೇ. ನಲವತ್ತು ವರ್ಷ ಊದುಬತ್ತಿ ಪೊಟ್ಟಣಕ್ಕೆ, ಬೆಂಕಿಪೊಟ್ಟಣಕ್ಕೆ ಲೇಬಲ್ ಬರೆದ ಕೈ ಅದು.

ಮೇಷ್ಟ್ರು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆಯಮ್ಮಾ. ಮದುವೆ ಯಾವತ್ತು?"

"ಯಾವ ಮದುವೆ ಮೇಷ್ಟ್ರೇ?"

"ಇದು ಲಗ್ನಪತ್ರಿಕೆ ಅಲ್ವಾ? ಸುಖಾಗಮನ ಬಯಸುವವರು ಅಂತ ಬೀದಿ ಮಂದಿನೆಲ್ಲಾ ಹಾಕಿದ್ದೀಯ. ಯಾರೂ ಮುನಿಸಿಕೊಳ್ಳಬಾರದು ಅಂತ ಒಬ್ಬರನ್ನೂ ಬಿಟ್ಟಿಲ್ಲ. ಗಂಡು ಹೆಣ್ಣು ಮಾತ್ರ ಎಲ್ಲೂ ಕಾಣ್ತಿಲ್ಲ."

ಹೈಮವತಿಯ ಮುಖ ಕೆಂಪಾಯಿತು.

"ನನ್ನ ಕಾಲದಲ್ಲಿ ಅಂಗಡಿಗೆ ಬಂದವರು ಕಂಪನಿ ಹೆಸರು ಹೇಳ್ತಿರಲಿಲ್ಲಮ್ಮ. 'ಆ ಜಿಂಕೇದು ಕೊಡಿ', 'ಆ ದೀಪದ್ದು ಕೊಡಿ' ಅಂತಿದ್ರು. ಓದು ಬರದವರೂ ಬೆರಳು ಮಾಡಿ ಕೇಳೋ ಹಾಗಿರಬೇಕಾಗಿತ್ತು. ನಿನ್ನ ಚಿತ್ರ ನೋಡಿದವರು ಏನಂತ ಕೇಳ್ತಾರೆ, ಹೇಳು."

ಹೈಮವತಿ ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು.

"ನನ್ನ ಮಾತೂ ನಂಬಬೇಡ. ಇದನ್ನ ಚಿಕ್ಕದು ಮಾಡಿ ಬೆಂಕಿಪೊಟ್ಟಣಕ್ಕೆ ಅಂಟಿಸು. ಜಯಶೀಲಮ್ಮನ ಅಂಗಡೀಲಿ ಬೇರೆ ಪೊಟ್ಟಣಗಳ ಸಾಲಲ್ಲಿ ಇಡು. ಎದುರಿಗಿರೋ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತ್ಕೋ. ನೋಡೋರ ಪಕ್ಕದಲ್ಲೆಲ್ಲಾ ನೀನು ಕೂತು ವಿವರಿಸೋಕೆ ಆಗುತ್ತಾ?"

ಗುರುವಾರ ಹೈಮವತಿ ಹಾಗೇ ಮಾಡಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಜನ ಬಂದರು. ಸೋಪು ಕೇಳಿದರು, ಸಕ್ಕರೆ ಕೇಳಿದರು, ಬೆಂಕಿಪೊಟ್ಟಣವನ್ನೂ ಕೇಳಿದರು. ಅವಳ ಪೊಟ್ಟಣವನ್ನು ಯಾರೂ ಕೇಳಲಿಲ್ಲ. ಆಟೋದವನೊಬ್ಬ ಅದನ್ನು ನೋಡಿ, "ಜಯಮ್ಮಾ, ಆ ಪೊಟ್ಟಣದ ಮೇಲೆ ಏನೋ ಚೆಲ್ಲಿದೆ ನೋಡಿ, ಒರೆಸಿ" ಎಂದು ಹೇಳಿ ಹೋದ.

ಜಯಶೀಲಮ್ಮ ಅದನ್ನು ಕೈಗೆ ತೆಗೆದುಕೊಂಡು ಕನ್ನಡಕ ಹಾಕಿಕೊಂಡರು.

"ನನ್ನ ಅಂಗಡಿ ಎಲ್ಲೇ ಹೈಮಾ?"

"ಬಲಗಡೆ ಮೂಲೆಯಲ್ಲಿ, ಆಂಟಿ."

"ಇದಾ?"

"ಅದು ನೀರಿನ ಟ್ಯಾಂಕು."

"ಮತ್ತೆ ಇದು?"

"ಅದು... ಆಟದ ಹೆಸರು."

"ಅಕ್ಷರಾನಾ! ಇರುವೆ ಸಾಲು ಅಂದ್ಕೊಂಡೆ." ಜಯಶೀಲಮ್ಮ ಕನ್ನಡಕ ತೆಗೆದರು. "ನೋಡೇ, ನನ್ನ ಅಂಗಡಿ ಹಾಕ್ತೀನಿ ಅಂದಾಗ ನಾಲ್ಕು ಜನಕ್ಕೆ ಹೇಳಿಕೊಂಡು ಬಂದಿದ್ದೆ. ನನಗೇ ಕಾಣದ ಹಾಗೆ ಹಾಕಿ ನನಗೇನು ಬಂತು? ಹಾಕದೇ ಇದ್ದಿದ್ರೆ ಬೆಕ್ಕಾದ್ರೂ ಕಾಣ್ತಿತ್ತು."

ಹೈಮವತಿ ಆ ಪೊಟ್ಟಣವನ್ನು ಚೀಲಕ್ಕೆ ಹಾಕಿದಳು. ಮತ್ತೆ ಹೊರಗೆ ತೆಗೆಯಲಿಲ್ಲ.

ಇತ್ತ ದಾಕ್ಷಾಯಿಣಿಗೆ ಗಾಬರಿ. ಶುಕ್ರವಾರ ಬೆಳಗ್ಗೆ ತಾನೇ ಒಂದು ಚಿತ್ರ ಮಾಡಿಕೊಂಡು ಬಂದಳು. ಬೆಕ್ಕಿನ ಮುಖವನ್ನಷ್ಟೇ ದೊಡ್ಡದು ಮಾಡಿ, ಕಣ್ಣಲ್ಲಿ ಬೆಂಕಿ, ಬಾಯಲ್ಲಿ ಕೋರೆಹಲ್ಲು, ಹಿಂದೆ ರಕ್ತಗೆಂಪು. ಅದನ್ನೂ ಪೊಟ್ಟಣಕ್ಕೆ ಅಂಟಿಸಿ ಸಾಲಿನಲ್ಲಿಟ್ಟರು. ಹತ್ತು ನಿಮಿಷದಲ್ಲಿ ಮೂರು ಜನ ಕೇಳಿದರು.

"ಆ ಹುಲಿ ಪಟಾಕಿ ಹೇಗಮ್ಮಾ?"

"ಜೋರಾಗಿ ಸಿಡಿಯುತ್ತಾ ಅದು?"

ಮೂರನೆಯವರು ಎರಡು ಕೊಡಿ ಎಂದೇ ಬಿಟ್ಟರು.

ದಾಕ್ಷಾಯಿಣಿ ಬೆಂಚಿನಿಂದ ಎದ್ದೇ ನಿಂತಳು. "ನೋಡಿದ್ಯಾ? ಇದನ್ನೇ ಕಳಿಸೋಣ."

"ಅವರು ಕೇಳಿದ್ದು ಪಟಾಕಿ ದಾಕ್ಷಿ. ನಮ್ಮ ಹತ್ರ ಇರೋದು ಮರಿ ಹೊತ್ತ ಬೆಕ್ಕು."

"ಮೊದಲು ಒಳಗೆ ಬರಲಿ ಕಣೇ. ಬಂದ್ಮೇಲೆ ತಾನಾಗೇ ಇಷ್ಟ ಆಗುತ್ತೆ."

"ಪಟಾಕಿ ಹೊಡೆಯೋಕೆ ಬಂದವನು ಬೆಕ್ಕಿನ ಜೊತೆ ಮೆಲ್ಲಗೆ ಹೆಜ್ಜೆ ಇಡ್ತಾನಾ? ಬೈದುಬಿಟ್ಟು ಹೋಗ್ತಾನೆ. ಮೆಲ್ಲಗೆ ನಡೆಯೋದು ಇಷ್ಟ ಇರೋರು ಈ ಹಲ್ಲು ನೋಡಿ ಹತ್ತಿರಾನೇ ಬರಲ್ಲ."

"ನಾಳೆ ಸಂಜೆ ಐದು ಗಂಟೆ. ನನ್ನದು ಕೈಯಲ್ಲಿದೆ. ನಿನ್ನದೆಲ್ಲಿ?"

"ಬರುತ್ತೆ."

"ಬರದಿದ್ರೆ?"

"ಇದನ್ನೇ ಕಳಿಸು. ನನ್ನ ಹೆಸರು ತೆಗೆದು ಕಳಿಸು."

ಹಾಗೆಂದು ಹೈಮವತಿ ಮನೆಗೆ ಹೋಗಿ ಕೂತಳು. ಈ ಸಲ ದೊಡ್ಡ ಹಾಳೆ ಮುಟ್ಟಲೇ ಇಲ್ಲ. ಬೆಂಕಿಪೊಟ್ಟಣವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದಳು. ಆ ಗೆರೆಯೊಳಗೇ ಬರೆದಳು. ಗೋಡೆಗೆ ಅಂಟಿಸಿ, ಹಿಂದೆ ಸರಿದು ನೋಡಿದಳು. ಏನು ಕಾಣಲಿಲ್ಲವೋ ಅದನ್ನು ಮುಂದಿನದರಲ್ಲಿ ಬಿಟ್ಟಳು. ಮೊದಲು ಹೋದದ್ದು ಮನೆಗಳು. ಆಮೇಲೆ ಚಂದ್ರ. ಬೆಕ್ಕು ಎದುರಿಗೆ ನೋಡುತ್ತಿದ್ದರೆ ಮರಿ ಅದರ ಎದೆಯಲ್ಲೇ ಕರಗಿಹೋಗುತ್ತಿತ್ತು. ಅದಕ್ಕೆ ಬೆಕ್ಕನ್ನು ಪಕ್ಕಕ್ಕೆ ತಿರುಗಿಸಿದಳು. ಈಗ ಮರಿ ಬಾಯಿಂದ ನೇತಾಡಿ ಚೆನ್ನಾಗಿ ಕಂಡಿತು. ಬಾಲಕ್ಕೆ ಅಂದವಾದ ಪಟ್ಟೆಗಳಿದ್ದವು, ಅವನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಬಿಟ್ಟಳು. ಬಳ್ಳಿ ಅಕ್ಷರ ಅಳಿಸಿ ಗೋಡೆಬರಹದಂತೆ ದಪ್ಪಗೆ ಬರೆದಳು. ಇಪ್ಪತ್ತಮೂರನೆಯ ಕಾಗದದಲ್ಲಿ ಉಳಿದದ್ದು ಇಷ್ಟೇ: ಕಡುನೀಲಿ ಗೋಡೆ, ಅದರ ಮೇಲೆ ಆಟದ ಹೆಸರು, ಅರ್ಧ ತೆರೆದ ಬಾಗಿಲು, ಒಳಗಿನ ಹಳದಿ ಬೆಳಕು, ಹೊಸ್ತಿಲ ಮೇಲೆ ಒಂದು ಕಾಲೆತ್ತಿ ನಿಂತ ಬಿಳಿ ಬೆಕ್ಕು, ಬಾಯಲ್ಲಿ ಮರಿ.

ಶನಿವಾರ ಬೆಳಗ್ಗೆ ಅವಳು ಇನ್ನೊಂದು ಕೆಲಸ ಮಾಡಿದಳು. ಬೀದಿಯ ಆರು ಮನೆಗಳಿಗೂ ತಾನೇ ಹೋಗಿ, "ನಿಮ್ಮ ಮನೆ ಆಟದೊಳಗಿದೆ, ಮುಖಚಿತ್ರದಲ್ಲಿ ಇಲ್ಲ. ಮಾತು ತಪ್ಪಿದೆ, ಕ್ಷಮಿಸಿ" ಎಂದು ಹೇಳಿ ಬಂದಳು. ಐದು ಮನೆಯವರು ನಕ್ಕು ಕಾಫಿ ಕೊಟ್ಟರು. ಒಂದು ಮನೆಯವರು ಬಾಗಿಲು ಹಾಕಿಕೊಂಡರು.

ಮಧ್ಯಾಹ್ನ ಹೊಸ ಪೊಟ್ಟಣ ಸಾಲಿಗೆ ಬಂತು. ಇಬ್ಬರೂ ಬೆಂಚಿನ ಮೇಲೆ ಕೂತರು. ನಾಲ್ಕು ಗಂಟೆ ದಾಟಿದರೂ ಯಾರೂ ಕೇಳಲಿಲ್ಲ. ದಾಕ್ಷಾಯಿಣಿ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡಿದ್ದಳು. ಅದರಲ್ಲಿ ಎರಡು ಚಿತ್ರಗಳೂ ಸಿದ್ಧವಾಗಿದ್ದವು.

ನಾಲ್ಕೂವರೆಗೆ ಬಸ್ ಕಂಡಕ್ಟರ್ ಹೆಂಗಸೊಬ್ಬಳು ಬಾಳೆಹಣ್ಣು ಕೊಳ್ಳಲು ಬಂದಳು. ಹಣ್ಣು ಕೈಗೆ ಬಂತು, ಚಿಲ್ಲರೆಯೂ ಬಂತು. ಆಕೆ ಹೊರಡಲಿಲ್ಲ.

"ಅಯ್ಯೋ, ಅದ್ಯಾವುದಮ್ಮಾ ಬೆಕ್ಕಿಂದು? ಮರೀನ ಕಚ್ಕೊಂಡು ಎಲ್ಲಿಗೆ ಹೊರಟಿದೆ?" ಎಂದು ಪೊಟ್ಟಣವನ್ನು ಹತ್ತಿರ ಹಿಡಿದು ನೋಡಿದಳು. ದನಿ ತಾನಾಗಿಯೇ ತಗ್ಗಿತು. "ಒಳಗೆ ಯಾರಾದ್ರೂ ಎದ್ದಿದ್ದಾರಾ?"

ದಾಕ್ಷಾಯಿಣಿ ಗೆಳತಿಯ ಕಡೆ ತಿರುಗಿದಳು. ಪ್ರತಿ ಮನೆಯ ಹೊಸ್ತಿಲಲ್ಲೂ ಆಟ ಆಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೊಂದೇ.

"ಮೂರು ಜನ ಕೇಳಿದ್ದು ನಮ್ಮ ಹತ್ರ ಇಲ್ಲದ್ದನ್ನ" ಎಂದಳು. "ಈಯಮ್ಮ ಒಬ್ಬಳು ಕೇಳಿದ್ದು ಇರೋದನ್ನ." ಅಷ್ಟು ಹೇಳಿ, ಹೈಮವತಿಯ ಚಿತ್ರವನ್ನು ಅಲ್ಲೇ ಕೂತು ಕಳಿಸಿಬಿಟ್ಟಳು.

ಆ ವಾರ 'ಏಳು ಮನೆ' ಎಲ್ಲಕ್ಕಿಂತ ಮುಂದೇನೂ ಬರಲಿಲ್ಲ. ಅದಕ್ಕಿಂತ ಅಬ್ಬರದ ಚಿತ್ರಗಳು ಬಹಳ ಇದ್ದವು. ಆದರೆ ಬೆಕ್ಕಿನ ಮೇಲೆ ಬೆರಳು ನಿಲ್ಲಿಸಿದವರಲ್ಲಿ ಹೆಚ್ಚಿನವರು ಏಳನೆಯ ಮನೆ ತಲುಪುವವರೆಗೂ ಎದ್ದು ಹೋಗಲಿಲ್ಲ. ಆಡಿದವರು ಇನ್ನೊಬ್ಬರಿಗೆ ಹೇಳಿದರು. ವಾರ ಮುಗಿದ ಮೇಲೂ ಜನ ಬರುತ್ತಲೇ ಇದ್ದರು.

ರಜೆ ಮುಗಿದ ದಿನ ದಾಕ್ಷಾಯಿಣಿ ಕಾಲೇಜಿಗೆ ಹೋದಳು. ರಾಜೀನಾಮೆ ಪತ್ರ ಕೊಟ್ಟು, ಊಟದ ಹೊತ್ತಿಗೆ ವಾಪಸ್ ಬಂದು ಮುಂದಿನ ಆಟದ ಕೆಲಸಕ್ಕೆ ಕೂತಳು.

ನೀತಿ: ನೀವು ಮಾಡಿದ ಕೆಲಸದ ಮುಖ ನಾಲ್ಕು ಜನರ ಮನಸ್ಸು ಕಾಯುವುದಕ್ಕೂ ಅಲ್ಲ, ದಾರಿಹೋಕರನ್ನು ಬೆಚ್ಚಿಬೀಳಿಸುವುದಕ್ಕೂ ಅಲ್ಲ. ಒಳಗೆ ಏನಿದೆಯೋ ಅದರಲ್ಲಿ ಮುಖ್ಯವಾದ ಒಂದನ್ನು, ಇದ್ದ ಹಾಗೆ, ಕಾಣುವಷ್ಟು ದೊಡ್ಡದಾಗಿ ತೋರಿಸಿ. ಅದಕ್ಕಾಗಿ ನಿಮಗೆ ಪ್ರೀತಿಯಾದದ್ದನ್ನೂ ಅಳಿಸಬೇಕಾಗಿ ಬಂದರೆ ಕೈ ಹಿಂದೆಗೆಯಬೇಡಿ.