ಅಜ್ಜಿಯ ಹಾಡು, ಪಕ್ಕೀರನ ಪಟ್ಟಿ

ಗದಗಿನ ಕಡೆ ಕಂಪ್ಯೂಟರ್ ರಿಪೇರಿ ಮಾಡುವ ಗೌರವ್ವ ಅಂತ ಒಬ್ಬಳಿದ್ದಳು. ಎಂಥ ಕೆಟ್ಟ ಮಷೀನೂ ಅವಳ ಕೈಯಲ್ಲಿ ನೆಟ್ಟಗಾಗುತ್ತಿತ್ತು. ಮಗ ಪಕ್ಕೀರ ಮಾತ್ರ ಆಗಲಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಪುಣ್ಯಾತ್ಮ ಅವನು.

ಅಂದು ಮಧ್ಯಾಹ್ನ ಅಜ್ಜಿಯ ಹಲ್ಲೆಲ್ಲ ಕೀಳಿಸುವುದಿತ್ತು. ಹಲ್ಲು ಹೋದರೆ ಹಾಡೂ ಹೋಯಿತಲ್ಲ! ಗೌರವ್ವ ಬೆಳಿಗ್ಗೆಯೇ ಅವಳ ಬೀಸುಕಲ್ಲಿನ ಹಾಡನ್ನು ಕಂಪ್ಯೂಟರಿನ ಮೆಮೊರಿಗೆ ಹಿಡಿದಳು. ಮೆಮೊರಿ ಎಂದರೆ ಸಾಲು ಸಾಲು ಕೋಣೆ; ಅಲ್ಲಿಂದ ಡಿಸ್ಕಿಗೆ ಹೋದರೆ ಮಾತ್ರ ಹಾಡಿಗೆ ಉಳಿಗಾಲ. ಹಾಗೆ ಸಾಗಿಸುವ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ಅದನ್ನು ಬರೆಯುವ ಕೆಲಸ ಮಗನ ಪಾಲಿಗೆ ಬಂತು.

"ಹಾಡು ಏಳನೇ ಕೋಣ್ಯಾಗ ಸುರು ಆಗತೈತಿ. ಅಲ್ಲಿಂದ ನೂರು ಕೋಣಿ ಡಿಸ್ಕಿಗೆ ಕಳಸು," ಅಂದಳು.

ಕಳಿಸಿದ. ಹಾಕಿ ಕೇಳಿದರೆ, "ಬೀಸುಕಲ್ಲವ್ವ, ನನ್ನ ಸುದ್ದಿ ಕೇಳವ್ವ" ಎಂದು ಶುರುವಾಗಿ, "ಇಂದಿನ ಹತ್ತಿ ಧಾರಣೆ" ಎಂದು ರೇಡಿಯೋ ಒದರಿತು.

"ಲೇ ಪೆದ್ದ, ಹಾಡು ಚೂರುಚೂರಾಗಿ ಅಲ್ಲೊಂದು ಇಲ್ಲೊಂದು ಕೋಣ್ಯಾಗ ಕುಂತೈತಿ. ನಡುವ ನನ್ನ ರೇಡಿಯೋ ರೆಕಾರ್ಡೂ ಅದಾವ. ಚೂರೆಲ್ಲ ಒಂದ ಕಡೆ ತಂದು ಕಳಸಬೇಕಪ್ಪ!"

"ಆತವ್ವ."

ಒಂದ ಕಡೆ ಅಂದಳಲ್ಲ! ಪಕ್ಕೀರ ಒಂದೇ ಒಂದು ಖಾಲಿ ಕೋಣೆ ಹುಡುಕಿದ. ಒಂದು ಚೂರಿನ ನಕಲು ತಂದ, ಅದರಲ್ಲಿ ಬರೆದ. ಇನ್ನೊಂದು ತಂದ, ಅದರ ಮೇಲೇ ಬರೆದ. ನೂರೂ ಚೂರು ಹೀಗೇ. ಡಿಸ್ಕು ಹಾಕಿದರೆ ಕೊನೆಯ "ವ್ವ" ಒಂದೇ ಬಂತು.

ಗೌರವ್ವ ಹಣೆ ಹಣೆ ಬಡಿದುಕೊಂಡಳು. "ಚೂರು ಮುಟ್ಟಬ್ಯಾಡೋ ಮಾರಾಯ, ಇದ್ದಲ್ಲೇ ಇರಲಿ. ಯಾವ ಕೋಣ್ಯಾಗ ಎಷ್ಟೈತಿ ಅಂತ ಪಟ್ಟಿ ಬರದು ಡಿಸ್ಕಿಗೆ ಕೊಡು. ಡಿಸ್ಕಿಗೆ ಮುಟ್ಟಿದ ಮ್ಯಾಲೆ ಕೋಣಿ ಖಾಲಿ ಮಾಡು."

ಪಟ್ಟಿ ನೋಡಿಕೊಂಡು ಡಿಸ್ಕೇ ಕೋಣೆ ಕೋಣೆಗೆ ಹೋಗಿ ಚೂರು ಆರಿಸಿಕೊಳ್ಳಬೇಕು. ಅದನ್ನು ಬಿಡಿಸಿ ಹೇಳುವ ಮೊದಲೇ ಬಾಗಿಲಿಗೆ ರಿಕ್ಷಾ ಬಂತು. ಅಜ್ಜಿಯನ್ನು ಕೂರಿಸಿಕೊಂಡು ಹೊರಟೇಬಿಟ್ಟಳು.

ಸಂಜೆ ಬಂದಾಗ ಅಜ್ಜಿಯ ಬಾಯಿ ತುಂಬ ಹತ್ತಿ.

"ಡಿಸ್ಕಿಗೆ ಮುಟ್ಟಿತೇನೋ?"

"ಒಂದ ಸಾಲೂ ಬಿಟ್ಟಿಲ್ಲವ್ವ! ಕೋಣಿ ಎಲ್ಲಾ ಗುಡಿಸಿ ಖಾಲಿ ಮಾಡೀನಿ."

ಗೌರವ್ವ ಡಿಸ್ಕು ತೆಗೆದು ನೋಡಿದಳು. ಕೋಣೆ ಏಳು, ಒಂದು ಚೂರು. ಕೋಣೆ ನಲವತ್ತು, ಮೂರು ಚೂರು. ಪಟ್ಟಿಯೇ ಪಟ್ಟಿ, ಮುತ್ತು ಪೋಣಿಸಿದಂಥ ಪಟ್ಟಿ. ಹಾಡು ಮಾತ್ರ ಇಲ್ಲ.

ಅವಳಿಗೆ ಅಳುವೇ ಬಂತು. "ಇನ್ನ ಆ ಹಾಡು ಎಲ್ಲಿ ಸಿಗತೈತೋ, ನನ್ನಪ್ಪ?"

ಪಕ್ಕೀರ ಹಿಗ್ಗಿನಿಂದ ಪರದೆಯ ಮೇಲೆ ಬೆರಳಿಟ್ಟ.

"ಎಲ್ಲಿ ಸಿಗತೈತಿ ಅಂತ ಇದರಾಗ ಬರದೀನಲ್ಲವ್ವ."